ಯೂರಿಯಾಕ್ಕೂ ಹಸಿರಾಗುತ್ತದೆ, ಸುಣ್ಣಕ್ಕೂ ಹಸಿರಾಗುತ್ತದೆ: ಮಾಲಿಬ್ಡಿನಮ್ ಕೊರತೆ ಪತ್ತೆ ಹಚ್ಚುವ ಬಗೆ

ದೋಷ ಮೂರು ಕಡೆ ಮೂರು ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಕರಾವಳಿಯ ಗದ್ದೆಯಲ್ಲಿ ಭತ್ತ ಕೊಯ್ದ ಮೇಲೆ ಬಿತ್ತಿದ ಅಲಸಂದೆಯೋ ನೆಲಗಡಲೆಯೋ ಮೊದಲ ಕೆಲವು ವಾರ ಚೆನ್ನಾಗಿಯೇ ಇದ್ದು, ಆಮೇಲೆ ಕೆಳಗಿನ ಎಲೆಯಿಂದ ಶುರುವಾಗಿ ಇಡೀ ಗಿಡ ತಿಳಿಹಳದಿಯಾಗುತ್ತದೆ. ಮಲೆನಾಡಿನ ಹುಳಿ ಮಣ್ಣಿನಲ್ಲಿ ನೆಟ್ಟ ಹೂಕೋಸಿನ ಸುಳಿ ಎಲೆಗಳು ಸೊಟ್ಟಗಾಗಿ, ಗಿಡ ಹೂವನ್ನೇ ಕಟ್ಟುವುದಿಲ್ಲ. ಕೊಟ್ಟಿಗೆ ಪಕ್ಕದ ತೊಟ್ಟಿಯಲ್ಲಿ ಮೇವಿಗೆಂದು ಬೆಳೆಸುವ ಅಜೋಲಾ ಎಂಬ ತೇಲುಜರಿ ಬಣ್ಣಗೆಟ್ಟು, ವಾರ ಕಳೆದರೂ ದುಪ್ಪಟ್ಟಾಗುವುದಿಲ್ಲ.

ಮೂರೂ ಕಡೆ ಜನ ಮೊದಲು ಕೈಹಾಕುವುದು ಯೂರಿಯಾ ಚೀಲಕ್ಕೆ. ಯೂರಿಯಾ ಕೊಟ್ಟರೆ ಗಿಡ ಸ್ವಲ್ಪ ದಿನ ಹಸಿರಾಗುವುದೂ ಹೌದು, ಮತ್ತು ಪತ್ತೆ ದಾರಿ ತಪ್ಪುವುದೇ ಅಲ್ಲಿ. ಸಾರಜನಕ ಕಡಿಮೆಯಾಗಿತ್ತು, ಹಾಕಿದೆವು, ಸರಿಹೋಯಿತು ಎಂದು ಕಡತ ಮುಚ್ಚಿಬಿಡುತ್ತೇವೆ. ಗಾಳಿಯಲ್ಲಿರುವ ಸಾರಜನಕವನ್ನು ತಾನೇ ಹಿಡಿದುಕೊಳ್ಳಬಲ್ಲ ಅಲಸಂದೆಗೆ ಸಾರಜನಕ ಏಕೆ ಕಡಿಮೆಯಾಯಿತು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಈ ಬರಹ ಆ ಪ್ರಶ್ನೆಯಿಂದಲೇ ಹೊರಡುತ್ತದೆ.

ಮಾಲಿಬ್ಡಿನಮ್ ಗಿಡಕ್ಕೆ ಬೇಕಾದ ಲಘು ಪೋಷಕಾಂಶಗಳಲ್ಲಿ ಅತ್ಯಂತ ಕಡಿಮೆ ಪ್ರಮಾಣದಲ್ಲಿ ಬೇಕಾಗುವವುಗಳ ಸಾಲಿಗೆ ಸೇರಿದ್ದು. ಸತು, ಬೋರಾನ್ ಬಗ್ಗೆ ಈಗ ಎಲ್ಲರಿಗೂ ಗೊತ್ತು, ಇದರ ಹೆಸರು ಮಾತ್ರ ಎಲ್ಲೂ ಕೇಳಿಬರುವುದಿಲ್ಲ. ಮಣ್ಣು ಆರೋಗ್ಯ ಕಾರ್ಡಿನಲ್ಲಿ ರಸಸಾರದಿಂದ (ಪಿಎಚ್, ಅಂಕಿ ಇಳಿದಷ್ಟೂ ಮಣ್ಣು ಹುಳಿ) ಬೋರಾನ್‌ವರೆಗೆ 12 ಅಂಶಗಳನ್ನು ನಮೂದಿಸುತ್ತಾರೆ, ಅವುಗಳಲ್ಲಿ ಮಾಲಿಬ್ಡಿನಮ್ ಇಲ್ಲ. ಹಾಗಾಗಿ ಕಾರ್ಡ್ ಪೂರ್ತಿ ಚೆನ್ನಾಗಿದ್ದೂ ಬೆಳೆ ಸೊರಗಿದರೆ, ಕಾರ್ಡಿನಲ್ಲಿ ಇಲ್ಲದ ಅಂಶದ ಮೇಲೆ ಅನುಮಾನ ಪಡುವುದು ನ್ಯಾಯವೇ. ಆದರೆ ಅನುಮಾನ ಬಂದ ಕೂಡಲೇ ಪುಡಿ ತಂದು ಸುರಿಯುವುದು ಬೇಡ. ಈ ಕೊರತೆ ಮೂರು ರೀತಿ ಹುಟ್ಟುತ್ತದೆ: ಮಣ್ಣಿನಲ್ಲಿ ನಿಜವಾಗಿ ಇಲ್ಲದಿರಬಹುದು, ಇದ್ದೂ ಹುಳಿಯಿಂದ ಕಟ್ಟಿಹಾಕಿಕೊಂಡಿರಬಹುದು, ಅಥವಾ ಗಂಧಕದ ನೂಕುನುಗ್ಗಲಿನಲ್ಲಿ ಬೇರಿನ ಒಳಗೆ ಹೋಗಲಾಗದೆ ಉಳಿದಿರಬಹುದು. ಮೂರಕ್ಕೂ ಮದ್ದು ಬೇರೆ ಬೇರೆ.

ಒಳಗೆ ಹೋಗುವ ದಾರಿ

ಮಣ್ಣಿನ ತೇವದಲ್ಲಾಗಲಿ ಕೆರೆಯ ನೀರಿನಲ್ಲಾಗಲಿ ಮಾಲಿಬ್ಡಿನಮ್ ಕರಗಿರುವುದು ಮಾಲಿಬ್ಡೇಟ್ ಎಂಬ ಋಣ ಅಯಾನಿನ ರೂಪದಲ್ಲಿ. ಒಂದು ಮಾಲಿಬ್ಡಿನಮ್ ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕ. ಗಂಧಕದ ಸಲ್ಫೇಟ್ ಅಯಾನೂ ಇದೇ ಆಕಾರದ್ದು, ಇದೇ ವಿದ್ಯುದಂಶದ್ದು. ಸಲ್ಫೇಟನ್ನು ಒಳಗೆ ಕರೆದೊಯ್ಯುವ ಬೇರಿನ ಪ್ರೋಟೀನುಗಳು ಮಾಲಿಬ್ಡೇಟನ್ನೂ ಒಯ್ಯುತ್ತವೆ. ಅದರಿಂದ ಸಲ್ಫೇಟ್ ಜಾಸ್ತಿಯಾದ ಕಡೆ ಮಾಲಿಬ್ಡೇಟಿಗೆ ಜಾಗ ಸಿಗುವುದಿಲ್ಲ, ಗಂಧಕಕ್ಕೆ ಹಸಿದ ಗಿಡದಲ್ಲಿ ಮಾಲಿಬ್ಡೇಟ್ ಹೆಚ್ಚು ಒಳಸೇರುತ್ತದೆ. ಮಾಲಿಬ್ಡೇಟಿಗೆಂದೇ ಇರುವ ವಾಹಕ ಪ್ರೋಟೀನೂ ಇದೆ. ಅರಾಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಸಣ್ಣ ಗಿಡದಲ್ಲೂ ಕ್ಲಾಮಿಡೊಮೊನಾಸ್ ಎಂಬ ಹಸಿರು ಪಾಚಿಯಲ್ಲೂ ಇದು ಪತ್ತೆಯಾದದ್ದು 2007ರಲ್ಲಿ. ನೆಲದ ಗಿಡಕ್ಕೂ ನೀರಿನ ಪಾಚಿಗೂ ಒಂದೇ ಕುಲದ ವಾಹಕ ಇರುವುದು ನಮ್ಮ ಕೆಲಸಕ್ಕೆ ಅನುಕೂಲ. ಹೊಲದಲ್ಲಿ ನಡೆಸುವ ಪರೀಕ್ಷೆಯ ತರ್ಕವನ್ನೇ ತೊಟ್ಟಿಗೂ ಒಯ್ಯಬಹುದು.

ಒಳಗೆ ಹೋದ ಮೇಲೆ ಇದಕ್ಕೆ ಕೆಲಸ ಹೆಚ್ಚಿಲ್ಲ, ಆದರೆ ಇರುವ ಕೆಲಸ ಬೇರೆ ಯಾವುದೂ ಮಾಡಲಾಗದ್ದು. ಬೇರು ಹೀರಿದ ನೈಟ್ರೇಟನ್ನು ಗಿಡ ಬಳಸುವ ರೂಪಕ್ಕೆ ಇಳಿಸುವ ನೈಟ್ರೇಟ್ ರಿಡಕ್ಟೇಸ್ ಕಿಣ್ವದ ನಡುವೆ ಮಾಲಿಬ್ಡಿನಮ್ ಕೂತಿದೆ. ಅಲಸಂದೆಯಂಥ ಬೇಳೆಕಾಳಿನ ಬೇರುಗಂಟಿನಲ್ಲಿ ವಾಸಿಸುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಸೀಳುವ ನೈಟ್ರೋಜಿನೇಸ್ ಕಿಣ್ವದ ಹೃದಯಭಾಗದಲ್ಲಿ 7 ಕಬ್ಬಿಣ, 9 ಗಂಧಕದ ಪರಮಾಣುಗಳ ಜೊತೆಗೆ ಒಂದೇ ಒಂದು ಮಾಲಿಬ್ಡಿನಮ್ ಪರಮಾಣು ಇದೆ. ಆ ಒಂದು ಇಲ್ಲದಿದ್ದರೆ ಗಂಟು ಕಟ್ಟಿಯೂ ವ್ಯರ್ಥ. ಗಾಳಿಯ ಸಾರಜನಕ ಹಿಡಿಯುವ ಈ ಕೆಲಸಕ್ಕೆ, ಅಂದರೆ ಸಾರಜನಕ ಸ್ಥಿರೀಕರಣಕ್ಕೆ, ಇದು ಬೇಕೆಂದು ಜರ್ಮನಿಯ ಬೋರ್ಟೆಲ್ಸ್ 1930ರಲ್ಲಿ ಅಜೋಟೊಬ್ಯಾಕ್ಟರ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಮೇಲೆ ತೋರಿಸಿದರು. ಬೇರು, ಕಾಂಡವಿರುವ ಗಿಡಗಳಿಗೂ ಇದು ಬೇಕೇಬೇಕು ಎಂಬುದನ್ನು ಅಮೆರಿಕದ ಆರ್ನನ್ ಮತ್ತು ಸ್ಟೌಟ್ 1939ರಲ್ಲಿ ಟೊಮೆಟೊ ಬೆಳೆಸಿ ಸಾಬೀತು ಮಾಡಿದರು.

ಇನ್ನು ಹುಳಿಯ ವಿಷಯ. ಕೆಂಪು ಮಣ್ಣಿಗೆ, ಜಂಬಿಟ್ಟಿಗೆ ಮಣ್ಣಿಗೆ ಆ ಬಣ್ಣ ಕೊಡುವ ಕಬ್ಬಿಣದ ಆಕ್ಸೈಡುಗಳು ಹುಳಿ ಹೆಚ್ಚಿದಂತೆ ಮಾಲಿಬ್ಡೇಟನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ರಸಸಾರ 4ರ ಆಸುಪಾಸಿನಲ್ಲಿ ಈ ಹಿಡಿತ ಅತ್ಯಂತ ಬಿಗಿ. ಮೇಲಕ್ಕೆ ಹೋದಂತೆ ಸಡಿಲವಾಗುತ್ತದೆ. ಕಬ್ಬಿಣ, ಸತು, ಮ್ಯಾಂಗನೀಸ್ ಎಲ್ಲ ಹುಳಿಯಲ್ಲಿ ಹೆಚ್ಚು ಸಿಗುವಂಥವು, ಮಾಲಿಬ್ಡಿನಮ್ ಮಾತ್ರ ಉಲ್ಟಾ. ಪತ್ತೆಗೆ ನಮಗೆ ಸಿಗುವ ಅತಿ ದೊಡ್ಡ ಸುಳಿವು ಇದೇ.

ಹೊಲಕ್ಕೆ ಇಳಿಯುವ ಮೊದಲು ಕೇಳಬೇಕಾದದ್ದು

ಮೊದಲ ಪ್ರಶ್ನೆ ರಸಸಾರ. 5.5ಕ್ಕಿಂತ ಕಡಿಮೆಯಿದ್ದರೆ ಅನುಮಾನ ಮುಂದುವರಿಸಿ. 6.5 ದಾಟಿದ್ದರೆ ಬೇರೆ ಕಾರಣ ಹುಡುಕುವುದು ಲೇಸು. ರಸಸಾರ 8ರ ಬಯಲುಸೀಮೆಯ ಕಪ್ಪು ಎರೆಮಣ್ಣಿನಲ್ಲಿ ಎಲೆ ಹಳದಿಯಾದರೆ ಮಾಲಿಬ್ಡಿನಮ್ ಮೇಲೆ ಆರೋಪ ಹೊರಿಸಬೇಡಿ. ಅಲ್ಲಿ ಕಬ್ಬಿಣ, ಸತುವಿನ ತೊಂದರೆಯೇ ಜಾಸ್ತಿ.

ಎರಡನೆಯದು ಗಂಧಕ. ಕಳೆದ ಕೆಲವು ವರ್ಷ ಯಾವ ಗೊಬ್ಬರ ಬಿದ್ದಿದೆ ಕೇಳಿ. ಅಮೋನಿಯಂ ಸಲ್ಫೇಟ್ ಎರಡು ರೀತಿ ಹಾನಿ ಮಾಡುತ್ತದೆ, ಮಣ್ಣನ್ನು ಹುಳಿಯಾಗಿಸುತ್ತದೆ, ಜೊತೆಗೆ ಸಲ್ಫೇಟ್ ತುಂಬುತ್ತದೆ. ನೆಲಗಡಲೆಗೆ ಎಕರೆಗೆ 200 ಕಿಲೋದಂತೆ ಹಾಕುವ ಜಿಪ್ಸಮ್ ಕೂಡ ಸಲ್ಫೇಟೇ, ರಸಸಾರವನ್ನು ಅದು ಏರಿಸುವುದೂ ಇಲ್ಲ. ಜಿಪ್ಸಮ್ಮನ್ನು ಸುಣ್ಣದ ಬದಲಿಗೆ ಹಾಕಿದ್ದೇವೆ ಎಂದು ನಂಬಿಕೊಂಡವರು ಬಹಳ ಜನ, ಅದಕ್ಕೇ ಬಿಡಿಸಿ ಕೇಳಬೇಕು. ಹಾಗೆಂದು ಜಿಪ್ಸಮ್ ನಿಲ್ಲಿಸಲು ಹೇಳುತ್ತಿಲ್ಲ, ಕಾಯಿ ತುಂಬಲು ಅದರ ಕ್ಯಾಲ್ಸಿಯಂ ಬೇಕು. ಅಂಥ ಹೊಲದಲ್ಲಿ ಮಾಲಿಬ್ಡಿನಮ್ಮನ್ನು ಮಣ್ಣಿನ ಬದಲು ಬೀಜದ ಮೂಲಕ ಕೊಡುವುದು ಜಾಣತನ.

ಮೂರನೆಯ ಪ್ರಶ್ನೆಯನ್ನು ಕೇಳುವವರೇ ಕಡಿಮೆ: ಬೀಜ ಎಲ್ಲಿಯದು? ಗಿಡಕ್ಕೆ ಬೇಕಾದ ಮಾಲಿಬ್ಡಿನಮ್ ಎಷ್ಟು ಕಡಿಮೆಯೆಂದರೆ, ದಪ್ಪ ಬೀಜದ ಬೆಳೆಗಳಲ್ಲಿ ತಾಯಿಗಿಡ ಬೀಜದೊಳಗೆ ತುಂಬಿಟ್ಟ ದಾಸ್ತಾನೇ ಬೆಳೆಯ ಬಹುಪಾಲು ಅಗತ್ಯವನ್ನು ಪೂರೈಸಿಬಿಡಬಹುದು. ಒಳ್ಳೆಯ ನೆಲದಲ್ಲಿ ಬೆಳೆದ ಬೀಜ ತಂದು ಹುಳಿ ನೆಲದಲ್ಲಿ ಬಿತ್ತಿದರೆ ಮೊದಲ ವರ್ಷ ಏನೂ ಕಾಣುವುದಿಲ್ಲ. ಆ ಬೆಳೆಯಿಂದಲೇ ಬೀಜ ಎತ್ತಿಟ್ಟು ಮತ್ತೆ ಮತ್ತೆ ಬಿತ್ತುತ್ತ ಹೋದಂತೆ ದಾಸ್ತಾನು ಖಾಲಿಯಾಗುತ್ತದೆ. ಹೋದ ಸಲ ಇದೇ ಗದ್ದೆ, ಇದೇ ತಳಿ, ಚೆನ್ನಾಗಿತ್ತಲ್ಲ ಎಂಬ ಗೊಂದಲಕ್ಕೆ ಎಷ್ಟೋ ಸಲ ಉತ್ತರ ಬೀಜದಲ್ಲೇ ಇರುತ್ತದೆ. ಅಕ್ಕಪಕ್ಕದ ಗದ್ದೆಯಲ್ಲಿ ಅಂಗಡಿಯ ಬೀಜ ಹಸಿರಾಗಿದ್ದು ಮನೆಬೀಜ ಮಾತ್ರ ಹಳದಿಯಾಗಿದ್ದರೆ ಇದನ್ನು ಬರೆದಿಟ್ಟುಕೊಳ್ಳಿ.

ಗಿಡ ನೋಡುವುದು

ಬೇಳೆಕಾಳು ಬೆಳೆಯಲ್ಲಿ ಎಲೆಗಿಂತ ಬೇರು ನಂಬಿಕಸ್ಥ ಸಾಕ್ಷಿ. ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಕೀಳದೆ, ಸುತ್ತ ಗುದ್ದಲಿಯಿಂದ ಅಗೆದು ಮಣ್ಣಿನ ಹೆಂಟೆಯ ಸಮೇತ ಎತ್ತಿ. ಬಕೆಟ್ ನೀರಿನಲ್ಲಿ ನೆನೆಸಿ ಮಣ್ಣು ತಾನಾಗಿ ಬಿಡಲಿ. ಕಿತ್ತರೆ ಗಂಟುಗಳೆಲ್ಲ ಮಣ್ಣಿನಲ್ಲೇ ಉಳಿದು, ಗಂಟೇ ಇಲ್ಲ ಎಂಬ ತಪ್ಪು ತೀರ್ಮಾನ ಬರುತ್ತದೆ. ಈಗ ಒಂದು ಗಂಟನ್ನು ಹೆಬ್ಬೆರಳಿನ ಉಗುರಿನಿಂದ ಸೀಳಿ. ಒಳಗೆ ರಕ್ತ ಬೆರೆತ ಮಾಂಸದಂಥ ಗುಲಾಬಿ ಕೆಂಪು ಇದ್ದರೆ ಗಂಟು ಕೆಲಸ ಮಾಡುತ್ತಿದೆ, ಉಗುರಿಗೂ ಆ ಬಣ್ಣ ಅಂಟುತ್ತದೆ. ಬಿಳಿ, ಬೂದಿ, ಮಾಸಲು ಹಸಿರು ಇದ್ದರೆ ಕೆಲಸ ನಡೆದಿಲ್ಲ. ಮಾಲಿಬ್ಡಿನಮ್ ಕೊರತೆಯಲ್ಲಿ ಗಂಟುಗಳ ಸಂಖ್ಯೆ ಕಡಿಮೆಯಾಗುವ ಬದಲು ಹೆಚ್ಚಾಗಿಯೇ ಇರಬಹುದು: ಬೇರಿನ ತುಂಬ ಸಾಸಿವೆ ಗಾತ್ರದ ಗಂಟುಗಳು, ಸೀಳಿದರೆ ಎಲ್ಲವೂ ಸಪ್ಪೆ. ಗಂಟೇ ಕಟ್ಟದಿದ್ದರೆ ಅದು ಬೇರೆ ಕಥೆ. ರೈಜೋಬಿಯಂ ಇಲ್ಲದಿರುವುದು, ನೀರು ನಿಂತಿರುವುದು, ರಂಜಕದ ಕೊರತೆ, ಇವನ್ನು ಮೊದಲು ವಿಚಾರಿಸಿ.

ಹೂಕೋಸಿನಲ್ಲಿ ಲಕ್ಷಣ ಎದ್ದು ಕಾಣುತ್ತದೆ. ಎಳೆ ಎಲೆಯ ನಡುನರ ದಪ್ಪಗೆ ಉದ್ದಕ್ಕೆ ಬೆಳೆಯುತ್ತದೆ, ಅದರ ಎರಡೂ ಬದಿಯ ಹಾಳೆ ಬೆಳೆಯುವುದಿಲ್ಲ. ಒಂದು ಕಡೆ ಬೆರಳಗಲ, ಇನ್ನೊಂದು ಕಡೆ ಅಷ್ಟೂ ಇಲ್ಲ, ಅಂಚು ಹರಿದಂತೆ ಏರುಪೇರು. ತೀವ್ರವಾದಾಗ ಬರೀ ದಂಟೇ ಚಾಟಿಯಂತೆ ಬಾಗಿ ನಿಲ್ಲುತ್ತದೆ. ಇದನ್ನು ಚಾಟಿಬಾಲ ಎನ್ನುತ್ತಾರೆ. ಮಾಲಿಬ್ಡಿನಮ್ಮಿಗೂ ಇದಕ್ಕೂ ಇರುವ ನಂಟು 1940ರ ದಶಕದಲ್ಲಿ ನ್ಯೂಜಿಲೆಂಡಿನಲ್ಲಿ ಗೊತ್ತಾಯಿತು. ಹೋಲುವ ತೊಂದರೆಗಳೂ ಇವೆ. ಪಕ್ಕದ ಗದ್ದೆಗೆ ಹೊಡೆದ 2,4-ಡಿ ಕಳೆನಾಶಕ ಗಾಳಿಗೆ ಬಂದು ಬಿದ್ದರೂ ಎಲೆ ಕಿರಿದಾಗುತ್ತದೆ. ಆಗ ಕಾಂಡವೂ ತಿರುಚಿಕೊಂಡಿರುತ್ತದೆ, ಬದುವಿನ ಕಡೆಯ ಸಾಲಿನಲ್ಲೇ ಹಾನಿ ಜಾಸ್ತಿಯಿರುತ್ತದೆ, ಕಳೆಗಿಡಗಳೂ ಸೊಟ್ಟಗಾಗಿರುತ್ತವೆ. ಹುಳು ಸುಳಿ ತಿಂದಿದ್ದರೆ ಹಿಕ್ಕೆಯೋ ರಂಧ್ರವೋ ಸಿಗುತ್ತದೆ. ಕಾಂಡ ಸೀಳಿದಾಗ ಒಳಗೆ ಟೊಳ್ಳು, ಹೂವಿನ ಮೇಲೆ ಕಂದು ಕಲೆ ಇದ್ದರೆ ಬೋರಾನ್ ಕಡೆ ನೋಡಿ. ಹುಳಿ ಮಣ್ಣಿನಲ್ಲಿ ಬೋರಾನ್, ಮಾಲಿಬ್ಡಿನಮ್ ಎರಡೂ ಒಟ್ಟಿಗೆ ಕೈಕೊಡುವುದುಂಟು.

ಮುಸುಕಿನ ಜೋಳದಲ್ಲಿ ತೆನೆ ಗಿಡದ ಮೇಲಿರುವಾಗಲೇ ಕಾಳು ಮೊಳೆಯುವುದು ಇನ್ನೊಂದು ಸುಳಿವು. ಕಾಳನ್ನು ನಿದ್ರೆಯಲ್ಲಿಡುವ ಅಬ್ಸಿಸಿಕ್ ಆಮ್ಲ ತಯಾರಾಗಲು ಮಾಲಿಬ್ಡಿನಮ್ ಇರುವ ಕಿಣ್ವ ಬೇಕು. ಆದರೆ ಕೊಯ್ಲಿನ ಹೊತ್ತಿನ ಮಳೆಗೂ ಕಾಳು ಮೊಳೆಯುತ್ತದೆ, ಆದ್ದರಿಂದ ಇದೊಂದನ್ನೇ ನೆಚ್ಚಿಕೊಳ್ಳಬೇಡಿ.

ನೈಟ್ರೇಟ್ ಪಟ್ಟಿ

ಬೇಳೆಕಾಳು ಬಿಟ್ಟು ಉಳಿದ ಬೆಳೆಗಳಿಗೆ ಹೊಲದಲ್ಲೇ ಮಾಡಬಹುದಾದ ಒಂದು ಸೊಗಸಾದ ಪರೀಕ್ಷೆ ಇದೆ. ಮೀನಿನ ತೊಟ್ಟಿ ಸಾಕುವವರು ಬಳಸುವ ನೈಟ್ರೇಟ್ ಪಟ್ಟಿ ತನ್ನಿ. ಹಳದಿಯಾದ ಗಿಡದ ಎಲೆತೊಟ್ಟನ್ನು ಸಣ್ಣಗೆ ಕತ್ತರಿಸಿ, ಬೆಳ್ಳುಳ್ಳಿ ಜಜ್ಜುವ ಒತ್ತುಗದಲ್ಲಿ ಹಿಂಡಿ, ರಸವನ್ನು ಶುದ್ಧ ನೀರಿನಲ್ಲಿ ತೆಳು ಮಾಡಿ ಪಟ್ಟಿ ಅದ್ದಿ. ಪಕ್ಕದ ಆರೋಗ್ಯವಂತ ಗಿಡದ ರಸಕ್ಕೂ ಅಷ್ಟೇ ನೀರು ಬೆರೆಸಿ ಹೋಲಿಸಿ.

ಸಾರಜನಕವೇ ಸಿಗದೆ ಹಳದಿಯಾದ ಗಿಡದ ತೊಟ್ಟಿನಲ್ಲಿ ನೈಟ್ರೇಟ್ ಇರುವುದಿಲ್ಲ. ಮಾಲಿಬ್ಡಿನಮ್ ಇಲ್ಲದೆ ಹಳದಿಯಾದ ಗಿಡದ ತೊಟ್ಟಿನಲ್ಲಿ ನೈಟ್ರೇಟ್ ತುಂಬಿರುತ್ತದೆ. ಬೇರು ಹೀರಿ ಮೇಲಕ್ಕೆ ಕಳಿಸಿದೆ, ಬಳಸುವ ಕಿಣ್ವ ಮಾತ್ರ ಇಲ್ಲ. ಹಸಿದಂತೆ ಕಾಣುವ ಗಿಡದೊಳಗೆ ಆಹಾರ ರಾಶಿ ಬಿದ್ದಿದೆ ಎಂದು ಪಟ್ಟಿಯ ಬಣ್ಣ ತೋರಿಸಿಬಿಡುತ್ತದೆ. ಎಲೆಯ ಅಂಚು ಸುಟ್ಟಂತಾಗುವುದೂ ಈ ರಾಶಿಯಿಂದಲೇ. ಮೋಡ ಮುಚ್ಚಿದ ದಿನ, ನೀರಿನ ಬರ, ಹಿಂದಿನ ದಿನವಷ್ಟೇ ಕೊಟ್ಟ ಮೇಲುಗೊಬ್ಬರ, ಇವುಗಳಿಂದಲೂ ನೈಟ್ರೇಟ್ ಏರುತ್ತದೆ. ಅದಕ್ಕೆ ಬಿಸಿಲಿನ ದಿನ, ಬೆಳಗಿನ ಹೊತ್ತು ಮುಗಿದ ಮೇಲೆ ಪರೀಕ್ಷಿಸಿ.

ಪಟ್ಟೆ ಪರೀಕ್ಷೆ

ಇಷ್ಟೆಲ್ಲ ನೋಡಿದರೂ ಕೈಗೆ ಬರುವುದು ಬಲವಾದ ಅನುಮಾನ ಮಾತ್ರ. ಖಚಿತಪಡಿಸುವುದು ಗಿಡವೇ. ಪ್ರಯೋಗಾಲಯದ ವರದಿಗಿಂತ ಮೇಲಿನ ಸ್ಥಾನವನ್ನು ನಾನು ಇದಕ್ಕೆ ಕೊಡುತ್ತೇನೆ.

ಬೆಳೆ ಒಂದೇ ಸಮ ಹಳದಿಯಾಗಿರುವ ಕಡೆ ನಾಲ್ಕು ಪಟ್ಟೆ ಗುರುತಿಸಿ, ಐದೈದು ಮೀಟರ್ ಉದ್ದ ಸಾಕು, ನಡುವೆ ಒಂದೊಂದು ಸಾಲು ಖಾಲಿ ಬಿಡಿ. ಒಂದಕ್ಕೆ ಬರೀ ನೀರು. ಎರಡನೆಯದಕ್ಕೆ ಲೀಟರಿಗೆ 20 ಗ್ರಾಂ ಯೂರಿಯಾ. ಮೂರನೆಯದಕ್ಕೆ ಲೀಟರಿಗೆ ಅರ್ಧ ಗ್ರಾಂ ಅಮೋನಿಯಂ ಮಾಲಿಬ್ಡೇಟ್. ನಾಲ್ಕನೆಯದಕ್ಕೆ ನುಣ್ಣಗಿನ ಕೃಷಿ ಸುಣ್ಣವನ್ನು ಸಾಲಿನ ಮಧ್ಯೆ ಮಣ್ಣಿಗೆ ಕೆದರಿ ನೀರು ಕೊಡಿ. ಮಾಲಿಬ್ಡೇಟನ್ನು ಕೊನೆಗೆ ಸಿಂಪಡಿಸಿ, ಗಾಳಿ ಇಲ್ಲದ ಹೊತ್ತಿನಲ್ಲಿ. ಎಕರೆಗೆ ಗ್ರಾಂ ಲೆಕ್ಕದಲ್ಲಿ ಪರಿಣಾಮ ಬೀರುವ ವಸ್ತು ಇದು, ಡಬ್ಬಿಯ ತಳದಲ್ಲಿ ಉಳಿದ ದ್ರಾವಣವೇ ಪಕ್ಕದ ಪಟ್ಟೆಯನ್ನು ಕೆಡಿಸೀತು. ಅಮೋನಿಯಂ ಮಾಲಿಬ್ಡೇಟಿನಲ್ಲೂ ಸಾರಜನಕ ಇದೆಯಲ್ಲ, ಅದರಿಂದಲೇ ಹಸಿರಾಗಿದ್ದರೆ ಎಂದು ಕೇಳುವವರಿದ್ದಾರೆ, ಒಳ್ಳೆಯ ಪ್ರಶ್ನೆಯೇ. ಲೆಕ್ಕ ಹಾಕಿದರೆ ಆ ದ್ರಾವಣದ ಲೀಟರಿನಲ್ಲಿ ಸಾರಜನಕ 0.03 ಗ್ರಾಂ, ಯೂರಿಯಾ ದ್ರಾವಣದಲ್ಲಿ 9 ಗ್ರಾಂಗೂ ಮೇಲೆ. ಹೋಲಿಕೆಯೇ ಇಲ್ಲ.

ಯೂರಿಯಾ ಪಟ್ಟೆ ಮೊದಲು ಬಣ್ಣ ತಿರುಗುತ್ತದೆ. ಮಾಲಿಬ್ಡೇಟ್ ಪಟ್ಟೆಗೆ ವಾರ, ಹತ್ತು ದಿನ ಕಾಯಬೇಕು. ಬೇಳೆಕಾಳಿನಲ್ಲಿ ಗಂಟು ಕೆಲಸ ಶುರುಮಾಡಬೇಕಾದ್ದರಿಂದ ಇನ್ನೂ ತಡವಾಗಬಹುದು, ನಡುವೆ ಒಮ್ಮೆ ಗಂಟು ಸೀಳಿ ನೋಡಿ, ಎಲೆಗಿಂತ ಮೊದಲು ಅಲ್ಲಿ ಬಣ್ಣ ಬರುತ್ತದೆ. ಹೂಕೋಸಿನಲ್ಲಿ ಸೊಟ್ಟಗಾದ ಎಲೆ ನೆಟ್ಟಗಾಗುವುದಿಲ್ಲ, ಹೊಸ ಎಲೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಫಲಿತಾಂಶ ಓದುವುದು ಹೀಗೆ. ಯೂರಿಯಾ, ಮಾಲಿಬ್ಡೇಟ್ ಎರಡೂ ಪಟ್ಟೆ ಹಸಿರಾಗಿ ನೀರಿನ ಪಟ್ಟೆ ಹಳದಿಯಾಗೇ ಉಳಿದರೆ ಮಾಲಿಬ್ಡಿನಮ್ ಕೊರತೆ ಖಚಿತ. ಅದರ ಜೊತೆ ಸುಣ್ಣದ ಪಟ್ಟೆಯೂ ಹಸಿರಾದರೆ ಮಣ್ಣಿನಲ್ಲಿ ದಾಸ್ತಾನು ಇದೆ, ಹುಳಿ ಕಟ್ಟಿಹಾಕಿದೆ. ಮಾಲಿಬ್ಡೇಟಿಗೆ ಹಸಿರಾಗಿ ಸುಣ್ಣಕ್ಕೆ ಆಗದಿದ್ದರೆ ಮಣ್ಣಿನಲ್ಲೇ ಇಲ್ಲ, ಅಥವಾ ಸಲ್ಫೇಟಿನ ಒತ್ತಡ ಇದೆ, ಅಥವಾ ಸುಣ್ಣ ಇನ್ನೂ ಮಣ್ಣಿಗೆ ಹತ್ತಿಲ್ಲ. ನಿಂತ ಬೆಳೆಯಲ್ಲಿ ಸುಣ್ಣದ ಪಟ್ಟೆಯ ಉತ್ತರ ಯಾವಾಗಲೂ ತಡ, ಸಾಧ್ಯವಾದರೆ ಅದನ್ನು ಬಿತ್ತನೆಗೆ ಮುಂಚೆಯೇ ಹಾಕಿಡಬೇಕು. ಸುಣ್ಣಕ್ಕೆ ಮಾತ್ರ ಹಸಿರಾಗಿ ಮಾಲಿಬ್ಡೇಟಿಗೆ ಏನೂ ಆಗದಿದ್ದರೆ ತೊಂದರೆ ಹುಳಿಯದ್ದೇ, ಆದರೆ ಅಲ್ಯೂಮಿನಿಯಂ, ಮ್ಯಾಂಗನೀಸ್ ವಿಷದ ಮೂಲಕ ಬಂದದ್ದು. ಬೇಳೆಕಾಳಿನಲ್ಲಿ ಯೂರಿಯಾಕ್ಕೆ ಮಾತ್ರ ಹಸಿರಾದರೆ ರೈಜೋಬಿಯಂ ಕಡೆ ಹೋಗಿ. ಯಾವುದಕ್ಕೂ ಜಗ್ಗದಿದ್ದರೆ ಬೇರುಹುಳು, ನಂಜುರೋಗ, ಕೊಳೆತ ಬೇರು ಹುಡುಕಿ.

ಸುಣ್ಣವನ್ನೂ ಮಾಲಿಬ್ಡೇಟನ್ನೂ ಬೇರೆ ಬೇರೆ ಪಟ್ಟೆಗೆ ಹಾಕಬೇಕೆಂದು ಒತ್ತಿ ಹೇಳಲು ಕಾರಣವಿದೆ. ದಕ್ಷಿಣ ಆಸ್ಟ್ರೇಲಿಯದ ಕಬ್ಬಿಣಕಲ್ಲಿನ ಹುಳಿ ನೆಲದಲ್ಲಿ ಕ್ಲೋವರ್ ಎಂಬ, ಬೇಳೆಕಾಳಿನ ಕುಲದ ಮೇವಿನ ಗಿಡದ ಹುಲ್ಲುಗಾವಲು ಏಳುತ್ತಿರಲಿಲ್ಲ. ಮರದ ಬೂದಿ ಬಿದ್ದ ಕಡೆ ಮಾತ್ರ ಚೆನ್ನಾಗಿ ಬರುತ್ತಿತ್ತು. ಬೂದಿ ಹುಳಿ ತಗ್ಗಿಸಿದ್ದಕ್ಕೋ, ಬೂದಿಯಲ್ಲಿರುವ ಇನ್ನೇನಕ್ಕೋ ಎಂದು ಬಿಡಿಸಿ ನೋಡಿದ ಎ. ಜೆ. ಆಂಡರ್ಸನ್, 1942ರಲ್ಲಿ ಅದು ಮಾಲಿಬ್ಡಿನಮ್ ಎಂದು ಪ್ರಕಟಿಸಿದರು. ಹೊಲದಲ್ಲಿ ಮಾಲಿಬ್ಡಿನಮ್ ಕೊರತೆ ದಾಖಲಾದದ್ದು ಅದೇ ಮೊದಲು. ಆಮೇಲೆ ಅಲ್ಲಿ ಮಾಲಿಬ್ಡಿನಮ್ ಬೆರೆಸಿದ ಸೂಪರ್ ಫಾಸ್ಫೇಟೇ ರೂಢಿಗೆ ಬಂತು. ರಂಜಕದ ಗೊಬ್ಬರದಲ್ಲಿ ಇದು ಬೆರಕೆಯಾಗಿ ತಾನಾಗಿಯೇ ಇರುವುದೂ ಉಂಟು. ಪನಾಮಾದ ಮಳೆಕಾಡಿನ ಮಣ್ಣಿನಲ್ಲಿ ರಂಜಕ ಹಾಕಿದ ಕಡೆ ಸಾರಜನಕ ಸ್ಥಿರೀಕರಣ ಏರಿದ್ದಕ್ಕೆ ಆ ಗೊಬ್ಬರದಲ್ಲಿದ್ದ ಮಾಲಿಬ್ಡಿನಮ್ ಕಾರಣ ಎಂದು 2009ರಲ್ಲಿ ತೋರಿಸಲಾಯಿತು. ಇಷ್ಟು ಕಡಿಮೆ ಬೇಕಾಗುವ ವಸ್ತುವಿನಲ್ಲಿ ಬೆರಕೆಯೇ ಫಲಿತಾಂಶವನ್ನು ಬದಲಿಸಿಬಿಡುತ್ತದೆ.

ಪ್ರಯೋಗಾಲಯಕ್ಕೆ ಎಲೆ ಕಳಿಸುವಾಗಲೂ ಅದೇ ಎಚ್ಚರಿಕೆ ಬೇಕು. ಬಹಳಷ್ಟು ಬೆಳೆಗಳಲ್ಲಿ ಒಣ ಎಲೆಯ ಕಿಲೋಗೆ 0.1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ, 0.5 ದಾಟಿದರೆ ಸಾಮಾನ್ಯವಾಗಿ ಸಾಕು. ಈ ಮಟ್ಟವನ್ನು ತಮ್ಮ ಯಂತ್ರ ಅಳೆಯಬಲ್ಲುದೇ ಎಂದು ಮೊದಲೇ ಕೇಳಿ. 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಶೇಕಡ 2ರಿಂದ 3 ಮಾಲಿಬ್ಡಿನಮ್ ಇರುತ್ತದೆ, ಅಂಥ ಬ್ಲೇಡಿನಲ್ಲಿ ಎಲೆ ಪುಡಿ ಮಾಡಿದರೆ ಕೊರತೆ ಮುಚ್ಚಿಹೋಗುವ ಸಾಧ್ಯತೆ ಇದೆ.

ತೊಟ್ಟಿ, ಕೆರೆ, ಕಡಲು

ಅಜೋಲಾ ಎಲೆಯ ಗುಳಿಯಲ್ಲಿ ಅನಾಬೀನಾ ಎಂಬ ನೀಲಿಹಸಿರು ಪಾಚಿ ವಾಸಿಸುತ್ತದೆ. ಸಾರಜನಕ ಹಿಡಿಯುವುದು ಅದೇ, ಅದಕ್ಕೂ ಮಾಲಿಬ್ಡಿನಮ್ ಇರುವ ನೈಟ್ರೋಜಿನೇಸೇ ಬೇಕು. ಆದರೆ ತೊಟ್ಟಿ ಸೊರಗಿದ ಮಾತ್ರಕ್ಕೆ ಇದನ್ನು ಮೊದಲ ಆರೋಪಿ ಮಾಡಬೇಡಿ. ಅಜೋಲಾ ಕೆಂಪಾಗಿದ್ದರೆ ರಂಜಕ, ಇಲ್ಲವೇ ಬಿಸಿಲು. ಒತ್ತೊತ್ತಾಗಿ ಬೆಳೆದು ಬೇರು ಉದುರುತ್ತಿದ್ದರೆ ತೆಗೆಯುವುದು ತಡವಾಗಿದೆ. ಸಗಣಿ ಬಗ್ಗಡ, ಸೂಪರ್ ಫಾಸ್ಫೇಟ್ ಕ್ರಮವಾಗಿ ಬೀಳುತ್ತಿರುವ ತೊಟ್ಟಿಯಲ್ಲಿ ಮಾಲಿಬ್ಡಿನಮ್ ಕೊರತೆ ಅಪರೂಪ, ಸಗಣಿಯಲ್ಲೇ ಸಾಕಷ್ಟು ಬಂದಿರುತ್ತದೆ. ತಳಕ್ಕೆ ಹುಳಿ ಕೆಂಪುಮಣ್ಣು, ಮೇಲೆ ಬರೀ ಮಳೆನೀರು, ಸಗಣಿ ಕಡಿಮೆ, ರಂಜಕ ಕೊಟ್ಟರೂ ತಿಳಿಹಳದಿ ಹೋಗುತ್ತಿಲ್ಲ ಎಂಬಂಥ ಕಡೆ ಮಾತ್ರ ಮುಂದಿನ ಹೆಜ್ಜೆ ಇಡಿ.

ಹತ್ತು ಲೀಟರಿನ ನಾಲ್ಕು ಬಕೆಟ್, ಎಲ್ಲದಕ್ಕೂ ಅದೇ ತೊಟ್ಟಿಯ ನೀರು, ಒಂದೇ ಅಳತೆಯ ಅಜೋಲಾ. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಚಿಟಿಕೆ ಯೂರಿಯಾ, ಒಂದಕ್ಕೆ ಸೂಪರ್ ಫಾಸ್ಫೇಟ್ ತಿಳಿ, ಒಂದಕ್ಕೆ ಮಾಲಿಬ್ಡೇಟ್. ಒಂದು ಗ್ರಾಂ ಅಮೋನಿಯಂ ಮಾಲಿಬ್ಡೇಟನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ, ಅದರಿಂದ ಒಂದು ಮಿಲಿಲೀಟರ್ ಮಾತ್ರ ಬಕೆಟಿಗೆ ಹಾಕಿ. ಲೀಟರಿಗೆ 0.05 ಮಿಲಿಗ್ರಾಂ ಮಾಲಿಬ್ಡಿನಮ್ ಆಯಿತು, ಧಾರಾಳ ಸಾಕು. ಓದುವ ತರ್ಕ ಹೊಲದ್ದೇ.

ನೈಸರ್ಗಿಕ ಕೆರೆಯಲ್ಲೂ ಈ ಕೊರತೆ ಇದೆ ಎಂದು ತೋರಿಸಿದ್ದು ಕ್ಯಾಲಿಫೋರ್ನಿಯಾದ ಬೆಟ್ಟದ ಮೇಲಿನ ಕ್ಯಾಸಲ್ ಸರೋವರ. ಚಾರ್ಲ್ಸ್ ಗೋಲ್ಡ್‌ಮನ್ 1960ರಲ್ಲಿ ಅಲ್ಲಿನ ತೇಲುಪಾಚಿಯ ಬೆಳವಣಿಗೆಗೆ ಮಾಲಿಬ್ಡಿನಮ್ ಕೊರತೆ ಅಡ್ಡಿಯಾಗಿರುವುದನ್ನು ವರದಿ ಮಾಡಿದರು. ಕಡಲಿನ ಲೆಕ್ಕ ಇನ್ನೂ ಕುತೂಹಲದ್ದು. ಕಡಲನೀರಿನಲ್ಲಿ ಮಾಲಿಬ್ಡಿನಮ್ ಲೀಟರಿಗೆ ಸುಮಾರು 10 ಮೈಕ್ರೋಗ್ರಾಂ, ಬಹಳಷ್ಟು ಹೊಳೆಗಳಿಗಿಂತ ಎಷ್ಟೋ ಪಾಲು ಹೆಚ್ಚು. ಆದರೂ ಅಲ್ಲಿ ಒಂದು ಮಾಲಿಬ್ಡೇಟ್ ಅಯಾನಿಗೆ ಎರಡೂವರೆ ಲಕ್ಷದಷ್ಟು ಸಲ್ಫೇಟ್ ಅಯಾನುಗಳಿವೆ. ಈ ಪೈಪೋಟಿಯಿಂದ ಕಡಲ ಪಾಚಿಗಳು ಮಾಲಿಬ್ಡೇಟ್ ಹೀರುವುದು ನಿಧಾನವಾಗುತ್ತದೆ ಎಂದು ಹೊವಾರ್ತ್ ಮತ್ತು ಕೋಲ್ 1985ರಲ್ಲಿ ವಾದಿಸಿದರು. ಉಪ್ಪುನೀರು ನುಗ್ಗುವ ಕೊಳದಲ್ಲಿ ನೀಲಿಹಸಿರು ಪಾಚಿ ಏಳದಿದ್ದಾಗ ನೀರಿನಲ್ಲಿರುವ ಒಟ್ಟು ಮಾಲಿಬ್ಡಿನಮ್ ಅಳೆದು ಸುಮ್ಮನಾಗದೆ, ಸಲ್ಫೇಟನ್ನೂ ಅಳೆಯಬೇಕು. ತಳದ ಕೆಸರು ಕಪ್ಪಗಿದ್ದು ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಅದೂ ಸುಳಿವೇ. ಅಲ್ಲಿನ ಸಲ್ಫೈಡ್ ಮಾಲಿಬ್ಡೇಟನ್ನು ಗಂಧಕ ಸೇರಿದ ಥಯೋಮಾಲಿಬ್ಡೇಟಾಗಿಸಿ ಕೆಸರಿಗೆ ಇಳಿಸಿಬಿಡುತ್ತದೆ. ಕಪ್ಪು ಸಮುದ್ರದ ಆಳದ ನೀರಿನಲ್ಲಿ ಮಾಲಿಬ್ಡಿನಮ್ ತೀರ ಕಡಿಮೆಯಿರುವುದು ಹೀಗೆಯೇ.

ಸರಿಪಡಿಸುವುದು

ಹುಳಿಯಿಂದ ಕಟ್ಟಿಹಾಕಿಕೊಂಡಿದ್ದರೆ ಸುಣ್ಣ. ಮಣ್ಣು ಪರೀಕ್ಷೆಯ ಶಿಫಾರಸಿನಂತೆ ರಸಸಾರವನ್ನು 6ರ ಆಸುಪಾಸಿಗೆ ತಂದರೆ ಸಾಕು. ಅದಕ್ಕಿಂತ ಹೆಚ್ಚು ಹಾಕಿದರೆ ಬೋರಾನ್, ಸತುವಿನ ಕೊರತೆಯನ್ನು ಕೈಯಾರೆ ತಂದುಕೊಂಡಂತೆ.

ಈ ಬೆಳೆಯನ್ನು ಉಳಿಸಿಕೊಳ್ಳಲು ಸಿಂಪಡಣೆ: ಲೀಟರಿಗೆ ಅರ್ಧ ಗ್ರಾಂ ಅಮೋನಿಯಂ ಮಾಲಿಬ್ಡೇಟ್, ಎಕರೆಗೆ 200 ಲೀಟರ್ ದ್ರಾವಣ. ಪುಡಿ ಬೇಕಾಗುವುದು 100 ಗ್ರಾಂ, ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾಲಿಬ್ಡಿನಮ್. ಸೋಡಿಯಂ ಮಾಲಿಬ್ಡೇಟ್ ಸಿಕ್ಕರೆ ಅದರಲ್ಲಿ ಶೇಕಡ 39ರಷ್ಟೇ ಇರುತ್ತದೆ, ಅದಕ್ಕೆ ತಕ್ಕಂತೆ ಲೆಕ್ಕ ಹಾಕಿ. ಹೂಕೋಸಿಗೆ ಸಸಿಮಡಿಯಲ್ಲೇ ಕೊಡುವುದು ಉತ್ತಮ, ಚಾಟಿಬಾಲ ಕಂಡ ಮೇಲೆ ಕೊಟ್ಟರೆ ಹೂವಿಗೆ ತಡವಾಗಿರುತ್ತದೆ.

ಬೇಳೆಕಾಳಿಗೆ ಬೀಜೋಪಚಾರ, ಕಿಲೋ ಬೀಜಕ್ಕೆ ಒಂದು ಗ್ರಾಂ. ಒಂದು ಎಚ್ಚರಿಕೆ: ರೈಜೋಬಿಯಂ ಹಚ್ಚುವ ಬೀಜಕ್ಕೆ ಮಾಲಿಬ್ಡೇಟನ್ನೂ ಒಟ್ಟಿಗೆ ಕಲಸಿ ರಾತ್ರಿಯಿಡೀ ಇಡಬೇಡಿ. ಗಟ್ಟಿ ದ್ರಾವಣ ಆ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಮಾಲಿಬ್ಡೇಟ್ ಹಚ್ಚಿ ನೆರಳಲ್ಲಿ ಒಣಗಿಸಿ, ಬಿತ್ತುವ ಮುನ್ನ ರೈಜೋಬಿಯಂ ಹಚ್ಚಿ ಕೂಡಲೇ ಬಿತ್ತಿ. ಅದಾಗದಿದ್ದರೆ ಬೀಜಕ್ಕೆ ರೈಜೋಬಿಯಂ ಮಾತ್ರ ಹಚ್ಚಿ, ಮಾಲಿಬ್ಡೇಟನ್ನು ಎಲೆಗೆ ಕೊಡಿ.

ಮಣ್ಣಿಗೆ ಹಾಕಿದ್ದು ಕೆಲವು ವರ್ಷ ಉಳಿಯುತ್ತದೆ, ಅದಕ್ಕೆ ಪ್ರತಿ ಹಂಗಾಮಿಗೆ ಹಾಕಬಾರದು. ಮತ್ತೆ ಹಾಕುವ ಮುನ್ನ ಒಂದು ಪಟ್ಟೆಯಲ್ಲಿ ಪರೀಕ್ಷಿಸಿ, ಹಾಕದ ಪಟ್ಟೆಯಷ್ಟೇ ಹಸಿರಿದ್ದರೆ ಆ ವರ್ಷ ಬಿಟ್ಟುಬಿಡಿ. ಸುಣ್ಣ ಹಾಕಿ ರಸಸಾರ ಏರಿಸಿದ ಹೊಲದಲ್ಲಂತೂ ಎರಡನ್ನೂ ಒಟ್ಟಿಗೆ ಹಾಕುವ ಆತುರ ಬೇಡ.

ಹೆಚ್ಚಾದರೆ ಪೆಟ್ಟು ಬೀಳುವುದು ದನಕ್ಕೆ

ಗಿಡ ಮಾಲಿಬ್ಡಿನಮ್ಮನ್ನು ಅಗತ್ಯಕ್ಕಿಂತ ನೂರು ಪಟ್ಟು ಹೆಚ್ಚು ಹೀರಿಕೊಂಡೂ ಹಚ್ಚಹಸಿರಾಗಿ ನಿಲ್ಲಬಲ್ಲದು. ಮೀನುಗಳೂ ಇದನ್ನು ನೀರಿನಿಂದ ಹೆಚ್ಚಾಗಿ ಶೇಖರಿಸಿಕೊಳ್ಳುವುದಿಲ್ಲ. ಮೆಲುಕು ಹಾಕುವ ಪ್ರಾಣಿಗಳ ಸ್ಥಿತಿ ಬೇರೆ. ಕೊಳದ ಕಪ್ಪು ಕೆಸರಿನಲ್ಲಿ ನಡೆಯುವ ರಸಾಯನವೇ ಹಸುವಿನ ಮೊದಲ ಹೊಟ್ಟೆಯಲ್ಲೂ ನಡೆಯುತ್ತದೆ. ಅಲ್ಲಿನ ಸಲ್ಫೈಡ್ ಜೊತೆ ಸೇರಿ ಥಯೋಮಾಲಿಬ್ಡೇಟ್ ಹುಟ್ಟಿ, ಅದು ತಾಮ್ರವನ್ನು ಹಿಡಿದು ಮೈಗೆ ಸೇರದಂತೆ ಮಾಡುತ್ತದೆ. ಇಂಗ್ಲೆಂಡಿನ ಸಾಮರ್‌ಸೆಟ್ ಪ್ರಾಂತ್ಯದ ಕೆಲವು ಹುಲ್ಲುಗಾವಲಿನಲ್ಲಿ ಮೇಯ್ದ ದನ ತಲೆಮಾರುಗಳಿಂದ ಭೇದಿಯಾಗಿ ಬಡಕಲಾಗುತ್ತಿದ್ದವು. ಹುಲ್ಲಿನಲ್ಲಿದ್ದ ಹೆಚ್ಚುವರಿ ಮಾಲಿಬ್ಡಿನಮ್ ಅದಕ್ಕೆ ಕಾರಣ ಎಂಬುದು 1938ರಲ್ಲಿ ಪ್ರಕಟವಾಯಿತು, ತಾಮ್ರದ ಸಲ್ಫೇಟ್ ಕೊಟ್ಟಾಗ ಅವು ಚೇತರಿಸಿಕೊಂಡವು.

ಆದ್ದರಿಂದ ದನಕ್ಕೆ ಹಾಕುವ ಅಜೋಲಾ ತೊಟ್ಟಿಗೆ ಮಾಲಿಬ್ಡೇಟ್ ಸುರಿಯಲೇಬಾರದು. ಬಕೆಟ್ ಪರೀಕ್ಷೆಯ ಅಜೋಲಾವನ್ನೂ ದನಕ್ಕೆ ಹಾಕದೆ ಗೊಬ್ಬರದ ಗುಂಡಿಗೆ ಹಾಕಿ. ಕೊರತೆ ಖಚಿತವಾದರೆ ತೊಟ್ಟಿಯ ಮಣ್ಣು ಬದಲಿಸಿ, ಸಗಣಿ ಹೆಚ್ಚಿಸಿ, ಅಷ್ಟರಲ್ಲೇ ಸರಿಹೋಗುತ್ತದೆ. ಮಾಲಿಬ್ಡೇಟ್ ಸಿಂಪಡಿಸಿದ ಮೇವಿನ ಅಲಸಂದೆಯನ್ನು ಮಳೆ ಬಿದ್ದು ಹೊಸ ಎಲೆ ಬರುವ ತನಕ ಕೊಯ್ಯಬೇಡಿ. ಮೇವಿನಲ್ಲಿ ತಾಮ್ರ ಮಾಲಿಬ್ಡಿನಮ್ಮಿನ ಎರಡು ಪಟ್ಟಿಗಿಂತ ಕಡಿಮೆಯಾದರೆ ಅಪಾಯ. ಸಿಂಪಡಿಸಿದ ಹೊಲದ ಮೇವು ತಿಂದ ದನಕ್ಕೆ ನಿಲ್ಲದ ನೊರೆಭೇದಿ ಕಂಡರೆ, ಕಣ್ಣಿನ ಸುತ್ತ ಕೂದಲು ಬೆಳ್ಳಗಾದರೆ, ಪಶುವೈದ್ಯರಿಗೆ ಯಾವ ಪುಡಿ, ಎಷ್ಟು, ಯಾವಾಗ ಸಿಂಪಡಿಸಿದ್ದು ಎಂಬುದನ್ನು ಹೇಳಿ. ತಾಮ್ರದ ಪ್ರಮಾಣವನ್ನು ಅವರೇ ನಿರ್ಧರಿಸಲಿ. ಅಂದಾಜಿನ ಮೇಲೆ ಕೊಟ್ಟ ತಾಮ್ರ, ಅದರಲ್ಲೂ ಕುರಿಗೆ, ಜೀವಕ್ಕೇ ಎರವಾಗುತ್ತದೆ.